ಆಪರೇಷನ್ ಆದಮೇಲೆ ಹಿಮ್ಮಡಿ ನೋಡಿ, ಬೆನ್ನು ನೋಡಿ



ಒಂದೇ ಕಡೆ ತುಂಬಾ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತೆ. ಕೂಡಲೇ ಕಾಲು ಚಾಚುತ್ತೇವೆ. ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತೇವೆ. ಹೀಗೆ ನಮ್ಮ ಮೈಯನ್ನು ನಾವೇ ಕಾಪಾಡಿಕೊಳ್ಳುತ್ತೇವೆ.

ಆಪರೇಷನ್ ಟೇಬಲ್ ಮೇಲೆ ಹೀಗೆ ಆಗಲ್ಲ. ಮತ್ತು ಬರುವ ಮದ್ದು ಕೊಟ್ಟಿರುತ್ತಾರೆ. ನೋವು ಗೊತ್ತಾಗಲ್ಲ. ಮೈ ಅಲ್ಲಾಡಲ್ಲ. ಕೆಲವು ಆಪರೇಷನ್ 3–4 ಗಂಟೆ ಹಿಡಿಯುತ್ತೆ.

ಶ್ರವಣಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿ ವಿಗ್ರಹ ಸಾವಿರ ವರ್ಷದಿಂದ ಅಲ್ಲಾಡದೆ ನಿಂತಿದೆ. ಅದು ಕಲ್ಲು. ನಮ್ಮದು ರಕ್ತ ಹರಿಯುವ ಮೈ.

ತೋಟದ ಪೈಪನ್ನು ತುಳಿದರೆ ನೀರು ನಿಲ್ಲುತ್ತೆ. ಹಾಗೇ ಮೂಳೆಗೂ ಹಾಸಿಗೆಗೂ ನಡುವೆ ಮಾಂಸ ಒತ್ತಿದರೆ ರಕ್ತ ನಿಲ್ಲುತ್ತೆ. ರಕ್ತ ಸಿಗದ ಜಾಗ ಸಾಯುತ್ತೆ. ಅದೇ ಹಾಸಿಗೆ ಹುಣ್ಣು. ಹಿಮ್ಮಡಿ, ಸೊಂಟದ ಕೆಳಗಿನ ಮೂಳೆ, ಮೊಣಕೈ, ತಲೆಯ ಹಿಂಬದಿ, ಇಲ್ಲೆಲ್ಲ ಇದರ ಭಯ ಹೆಚ್ಚು.

ಯಾರಿಗೆ ಹೆಚ್ಚು?
ವಯಸ್ಸಾದವರಿಗೆ, ತುಂಬಾ ಸಣಕಲು ಇರುವವರಿಗೆ, ಸಕ್ಕರೆ ಕಾಯಿಲೆಯವರಿಗೆ, ರಕ್ತ ಕಡಿಮೆ ಇರುವವರಿಗೆ. ಬಿದ್ದು ಸೊಂಟ ಮುರಿದುಕೊಂಡ ಅಜ್ಜಿಯರಿಗೆ ಇನ್ನೂ ಹೆಚ್ಚು. ಇದನ್ನೆಲ್ಲ ಆಪರೇಷನ್‌ಗೆ ಮೊದಲೇ ಡಾಕ್ಟರಿಗೆ ಹೇಳಿ. ಹಳೇ ಹುಣ್ಣಿದ್ದರೆ ತೋರಿಸಿ. ಅವರು ಆ ಜಾಗಕ್ಕೆ ಮೆತ್ತನೆ ದಿಂಬು ಕೊಡುತ್ತಾರೆ.

ನೀವು ಏನು ನೋಡಬೇಕು?
ಚನ್ನರಾಯಪಟ್ಟಣಕ್ಕೋ ಹಾಸನಕ್ಕೋ ರೋಗಿಯ ಜೊತೆ ಹೋಗಿ ಕೂರುವವರು ಹೆಚ್ಚಾಗಿ ನಾವೇ, ಹೆಂಗಸರು. ಗುರುತು ಅವತ್ತೇ ಕಾಣದೆ ಇರಬಹುದು. 2–3 ದಿನ ಬಿಟ್ಟೂ ಕಾಣುತ್ತೆ. ದಿನಾ ನೋಡಿ. ಕೆಂಪಾದ ಜಾಗವನ್ನು ಬೆರಳಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದಾಗಲೂ ಕೆಂಪು ಹೋಗದಿದ್ದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣಲ್ಲ. ಆ ಜಾಗ ಇನ್ನೂ ಕಪ್ಪಾಗಿದೆಯಾ, ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ, ಮುಟ್ಟಿದರೆ ನೋಯುತ್ತಾ ನೋಡಿ.

ಏನು ಮಾಡಬೇಕು?
1. ನರ್ಸ್ ಹತ್ತಿರ ಕೇಳಿ, ಅವರು ಹೇಳಿದ ಹಾಗೆ ಮಗ್ಗುಲು ಬದಲಿಸಿ. ಸಾಮಾನ್ಯವಾಗಿ 2 ಗಂಟೆಗೊಮ್ಮೆ.
2. ರೋಗಿಯನ್ನು ಎಳೆಯಬೇಡಿ. ಇಬ್ಬರು ಸೇರಿ ಎತ್ತಿ ಸರಿಸಿ.
3. ಮೀನಖಂಡದ ಕೆಳಗೆ ದಿಂಬಿಡಿ. ಹಿಮ್ಮಡಿ ಹಾಸಿಗೆಗೆ ತಾಗದಿರಲಿ.
4. ಬಟ್ಟೆ ಒದ್ದೆಯಾದರೆ ಕೂಡಲೇ ಬದಲಿಸಿ.
5. ಡಾಕ್ಟರು ಊಟ ಕೊಡಿ ಅಂದಮೇಲೆ ಹಾಲು, ಬೇಳೆ, ಮೊಟ್ಟೆ, ಸೊಪ್ಪು ಕೊಡಿ.

ಏನು ಮಾಡಬಾರದು?
ಕೆಂಪಾದ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಒಳಗಿನ ಮಾಂಸ ಇನ್ನೂ ಕೆಡುತ್ತೆ. ಬಿಸಿ ಶಾಖ ಬೇಡ. ಸಿಂಬೆಯಂಥ ಉಂಗುರದ ದಿಂಬೂ ಬೇಡ. ಅದು ಸುತ್ತಲಿನ ರಕ್ತವನ್ನು ತಡೆಯುತ್ತೆ.

ಗುರುತು ಕಂಡರೆ ಸುಮ್ಮನಿರಬೇಡಿ. "ಸಿಸ್ಟರ್, ಇಲ್ಲಿ ಸ್ವಲ್ಪ ನೋಡಿ" ಅಂತ ಕೇಳಿ. ಕೇಳೋಕೆ ನಾಚಿಕೆ ಬೇಡ. ಬರೀ ಗುರುತು ಇದ್ದಾಗ ಒತ್ತಡ ತಪ್ಪಿಸಿದರೆ ಬೇಗ ವಾಸಿಯಾಗುತ್ತೆ. ಬಿಟ್ಟರೆ ಹುಣ್ಣು ಮೂಳೆವರೆಗೂ ಇಳಿಯುತ್ತೆ. ಕೀವಾಗುತ್ತೆ, ಜೀವಕ್ಕೇ ಅಪಾಯ ಆಗಬಹುದು.

ಆಪರೇಷನ್ ಮಾಡೋದು ಡಾಕ್ಟರ ಕೆಲಸ. ಹಿಮ್ಮಡಿ, ಬೆನ್ನು ನೋಡೋದು ನಮ್ಮ ಕೈಲಾಗುವ ಕೆಲಸ.