ಕೆಲಸ ಹೋದ ಮೇಲೆ ಬರೋ ಆ ಲೆಟರ್ ಬಿಸಾಕಬೇಡಿ: ಅಮೆರಿಕದ ‘ಕೋಬ್ರಾ’ ನೋಟಿಸ್ ಕಥೆ

ಇವತ್ತಿನ ವಿಷಯ ಅಮೆರಿಕದ್ದು. ನಿಮ್ಮ ಅಣ್ಣನೋ, ಅಕ್ಕನೋ, ಕಾಲೇಜು ಫ್ರೆಂಡೋ ಅಲ್ಲಿ ಕೆಲಸದಲ್ಲಿದ್ದರೆ ಈ ಎಪಿಸೋಡ್ ಅವರಿಗೊಂದು ಫಾರ್ವರ್ಡ್ ಮಾಡಿ.

ಟೆಕ್ಸಾಸ್‌ನಲ್ಲಿರೋ ನನ್ನ ಕ್ಲಾಸ್‌ಮೇಟ್ ಒಬ್ಬನಿಗೆ ಲೇಆಫ್ ಆಯ್ತು. ಹೆಂಡತಿ ಆರು ತಿಂಗಳ ಗರ್ಭಿಣಿ. ಖರ್ಚು ಉಳಿಸೋಣ ಅಂತ ಸಣ್ಣ ಮನೆಗೆ ಶಿಫ್ಟ್ ಆದ. ತಿಂಗಳ ಕೊನೆಗೆ ಕಂಪನಿಯ ಹೆಲ್ತ್ ಇನ್ಶೂರೆನ್ಸ್ ನಿಂತಿತು. ಅದಾದ ಮೇಲೆ ಅವಳಿಗೆ ಬಿಪಿ ಏರಿ ಆಸ್ಪತ್ರೆಗೆ ಸೇರಿಸಬೇಕಾಯ್ತು. ಬಿಲ್ ನೋಡಿ ನನಗೆ ಫೋನ್ ಮಾಡಿದ. ಅಲ್ಲಿ ರಾತ್ರಿ ಎರಡು ಗಂಟೆ, ಇಲ್ಲಿ ಮಧ್ಯಾಹ್ನ.

“ಏನ್ ಮಾಡ್ಲಿ ಮಗಾ?”

“ಕೋಬ್ರಾ ಲೆಟರ್ ಬಂತೇನೋ?” ಅಂತ ಕೇಳಿದೆ.

“ಯಾವ ಲೆಟರ್?” ಅಂದ.

ಇದು ಹಾವಲ್ಲ, ಕಾನೂನು. ರೊನಾಲ್ಡ್ ರೇಗನ್ ಅಧ್ಯಕ್ಷರಾಗಿದ್ದಾಗ, 1986ರಲ್ಲಿ ಬಂದ ದೊಡ್ಡ ಬಜೆಟ್ ಕಾಯ್ದೆಯೊಂದರ ಉದ್ದ ಹೆಸರಿನ ಮೊದಲ ಅಕ್ಷರಗಳೇ ‘ಕೋಬ್ರಾ’. 20 ಅಥವಾ ಹೆಚ್ಚು ಉದ್ಯೋಗಿಗಳಿರೋ ಕಂಪನಿಗಳಿಗೆ ಅನ್ವಯ. ಕೆಲಸ ಹೋದರೂ ಅದೇ ಗ್ರೂಪ್ ಇನ್ಶೂರೆನ್ಸ್ ಅನ್ನು ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ಗಂಭೀರ ದುರ್ನಡತೆಗೆ ಕೆಲಸದಿಂದ ತೆಗೆದಿದ್ದರೆ ಮಾತ್ರ ಈ ಹಕ್ಕು ಸಿಗಲ್ಲ.

ಹಕ್ಕು ಇದ್ದರೆ ಸಾಲದು, ಇದೆ ಅಂತ ಗೊತ್ತಾಗಬೇಕಲ್ಲ? ಅದಕ್ಕೇ ನೋಟಿಸ್.

ಮೊದಲನೆಯದು, ಇನ್ಶೂರೆನ್ಸ್ ಶುರುವಾದ 90 ದಿನದೊಳಗೆ ಉದ್ಯೋಗಿಗೂ ಗಂಡ ಅಥವಾ ಹೆಂಡತಿಗೂ ಬರಬೇಕಾದ ಜನರಲ್ ನೋಟಿಸ್. ಹೊಸ ಕೆಲಸದ ಖುಷಿಯಲ್ಲಿ ಇದನ್ನ ಓದೋರು ಕಮ್ಮಿ.

ಎರಡನೆಯದು ಅಸಲಿ ವಿಷಯ. ಕೆಲಸ ಹೋದರೆ, ಕೆಲಸದ ಗಂಟೆ ಕಡಿತವಾಗಿ ಇನ್ಶೂರೆನ್ಸ್ ತಪ್ಪಿದರೆ, ಉದ್ಯೋಗಿ ತೀರಿಕೊಂಡರೆ, ಕಂಪನಿ 30 ದಿನದೊಳಗೆ ಪ್ಲಾನ್ ನೋಡಿಕೊಳ್ಳೋ ಅಡ್ಮಿನಿಸ್ಟ್ರೇಟರ್‌ಗೆ ತಿಳಿಸಬೇಕು. ಅವರು 14 ದಿನದೊಳಗೆ ನಿಮಗೆ ‘ಎಲೆಕ್ಷನ್ ನೋಟಿಸ್’ ಕಳಿಸಬೇಕು. ಇಲ್ಲಿ ಎಲೆಕ್ಷನ್ ಅಂದ್ರೆ ಬೇಕೋ ಬೇಡವೋ ಅಂತ ಆರಿಸಿಕೊಳ್ಳೋದು. ಕಂಪನಿಯೇ ಅಡ್ಮಿನಿಸ್ಟ್ರೇಟರ್ ಆಗಿದ್ದರೆ ಒಟ್ಟು 44 ದಿನ.

ಆದರೆ ವಿಚ್ಛೇದನ ಆದರೆ ಅಥವಾ ಮಗುವಿಗೆ 26 ತುಂಬಿ ಪ್ಲಾನ್‌ನಿಂದ ಹೊರಬಿದ್ದರೆ ತಿಳಿಸೋ ಜವಾಬ್ದಾರಿ ಮನೆಯವರದ್ದೇ. ಅದಕ್ಕೆ ಕನಿಷ್ಠ 60 ದಿನ ಕೊಡಬೇಕು.

ನೋಟಿಸ್ ಬಂದ ಮೇಲೆ ತೀರ್ಮಾನಕ್ಕೆ ಕನಿಷ್ಠ 60 ದಿನ. ನೋಟಿಸ್ ಕೊಟ್ಟ ದಿನ, ಇನ್ಶೂರೆನ್ಸ್ ನಿಂತ ದಿನ, ಇವೆರಡರಲ್ಲಿ ಯಾವುದು ಕೊನೆಗೆ ಬರುತ್ತೋ ಅಲ್ಲಿಂದ ಲೆಕ್ಕ. ‘ಬೇಕು’ ಅಂದ ಮೇಲೆ ಮೊದಲ ಕಂತು ಕಟ್ಟೋಕೆ ಇನ್ನೂ 45 ದಿನ.

ರೇಟ್ ಮಾತ್ರ ಕಹಿ. ಕಂಪನಿ ಕಟ್ಟುತ್ತಿದ್ದ ಪಾಲೂ ಸೇರಿ ಪೂರ್ತಿ ಪ್ರೀಮಿಯಂ, ಜೊತೆಗೆ 2% ನಿರ್ವಹಣಾ ವೆಚ್ಚ ಹಾಕಬಹುದು. ಉದಾಹರಣೆಗೆ ಒಟ್ಟು ಪ್ರೀಮಿಯಂ ತಿಂಗಳಿಗೆ 2,000 ಡಾಲರ್, ನಿಮ್ಮ ಸಂಬಳದಲ್ಲಿ ಕಟ್ ಆಗ್ತಿದ್ದದ್ದು 400 ಅಂದ್ಕೊಳ್ಳಿ. ಈಗ 2,040ರವರೆಗೂ ಕೇಳಬಹುದು. ಆದರೆ ಇಡೀ ಮನೆಗೇ ತಗೋಬೇಕು ಅಂತಿಲ್ಲ. ಗಂಡ, ಹೆಂಡತಿ, ಮಕ್ಕಳು, ಒಬ್ಬೊಬ್ಬರಿಗೂ ಪ್ರತ್ಯೇಕ ಹಕ್ಕಿದೆ.

ನನ್ನ ಸ್ನೇಹಿತನ ಲೆಟರ್ ಎಲ್ಲಿತ್ತು? ಹಳೇ ಅಪಾರ್ಟ್‌ಮೆಂಟಿನಲ್ಲಿ. ಅಡ್ರೆಸ್ ಬದಲಾಗಿದ್ದನ್ನ ಎಚ್‌ಆರ್‌ಗೆ ಹೇಳೋದೇ ಮರೆತಿದ್ದ. ತಮ್ಮ ದಾಖಲೆಯಲ್ಲಿರೋ ಕೊನೆಯ ವಿಳಾಸಕ್ಕೆ ಸರಿಯಾಗಿ ಪೋಸ್ಟ್ ಮಾಡಿದ್ದರೆ ಸಾಮಾನ್ಯವಾಗಿ ಕಂಪನಿಯ ಕರ್ತವ್ಯ ಮುಗೀತು. ನಿಮ್ಮ ಕೈ ಸೇರಿದೆ ಅಂತ ಸಾಬೀತು ಮಾಡಬೇಕಿಲ್ಲ. ಅವನು ಲಕೋಟೆ ಒಡೆದಾಗ 51 ದಿನ ಕಳೆದಿತ್ತು, ಉಳಿದದ್ದು 9. ಹೆಂಡತಿಗೆ ಮಾತ್ರ ಅಂತ ಟಿಕ್ ಮಾಡಿ ಅವತ್ತೇ ಕಳಿಸಿದ.

ಕೋಬ್ರಾದ ದೊಡ್ಡ ಉಪಕಾರ ಇಲ್ಲಿದೆ: ಗಡುವಿನೊಳಗೆ ಒಪ್ಪಿ, ಹಿಂದಿನ ತಿಂಗಳ ಪ್ರೀಮಿಯಂ ಕಟ್ಟಿದರೆ ಇನ್ಶೂರೆನ್ಸ್ ನಿಂತ ದಿನದಿಂದಲೇ ಮತ್ತೆ ಜಾರಿಯಾಗುತ್ತೆ. ಹಾಗಾಗಿ ಆ ಆಸ್ಪತ್ರೆ ಬಿಲ್ ಇನ್ಶೂರೆನ್ಸ್‌ಗೆ ಹೋಯ್ತು. ಇನ್ನೊಂದು ಹತ್ತು ದಿನ ತಡವಾಗಿದ್ದರೆ ಅಷ್ಟೂ ಅವನ ತಲೆ ಮೇಲೆ.

ಲೆಟರ್ ಕಳಿಸಿಯೇ ಇಲ್ಲದಿದ್ದರೆ? ಕೋರ್ಟ್ ದಿನಕ್ಕೆ 110 ಡಾಲರ್‌ವರೆಗೆ ದಂಡ ಹಾಕಬಹುದು. ಖಾಸಗಿ ಕಂಪನಿಯವರು ಅಮೆರಿಕದ ಕಾರ್ಮಿಕ ಇಲಾಖೆಯ ಉಚಿತ ಸಹಾಯವಾಣಿ 1-866-444-3272ಕ್ಕೆ ಕರೆ ಮಾಡಬಹುದು.

ಎರಡು ಎಚ್ಚರಿಕೆ. ಎಚ್-1ಬಿ ವೀಸಾದವರಿಗೆ ಕೆಲಸ ಹೋದ ಮೇಲೆ ಸಿಗೋ ಗರಿಷ್ಠ 60 ದಿನದ ಗ್ರೇಸ್ ಅವಧಿಯೇ ಬೇರೆ, ಈ 60 ದಿನವೇ ಬೇರೆ. ಎರಡನ್ನೂ ಕ್ಯಾಲೆಂಡರ್‌ನಲ್ಲಿ ಬೇರೆಬೇರೆ ಗುರುತು ಹಾಕಿ. ಇನ್ನೊಂದು, ಸರ್ಕಾರಿ ಮಾರ್ಕೆಟ್‌ಪ್ಲೇಸ್‌ನಲ್ಲೂ ಇನ್ಶೂರೆನ್ಸ್ ನಿಂತ 60 ದಿನದೊಳಗೆ ಹೊಸ ಪ್ಲಾನ್ ತಗೋಬಹುದು. ಕೆಲವರಿಗೆ ಅದೇ ಅಗ್ಗ. ಹೋಲಿಸಿ ನೋಡಿ.

ಕೊನೇ ದಿನ ಲ್ಯಾಪ್‌ಟಾಪ್ ವಾಪಸ್ ಕೊಡೋವಾಗ ಎಚ್‌ಆರ್‌ಗೆ ಎರಡೇ ಪ್ರಶ್ನೆ ಕೇಳಿ: ನನ್ನ ಇನ್ಶೂರೆನ್ಸ್ ಯಾವ ತಾರೀಕಿಗೆ ನಿಲ್ಲುತ್ತೆ? ನಿಮ್ಮ ಹತ್ರ ನನ್ನ ಯಾವ ಅಡ್ರೆಸ್ ಇದೆ?

ಅಂದ ಹಾಗೆ, ಅವನಿಗೆ ಮಗಳು ಹುಟ್ಟಿದಳು. ಇಬ್ಬರೂ ಚೆನ್ನಾಗಿದ್ದಾರೆ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.