ಅಂಗಡಿ–ಮಂಟಪಗಳ ನೆಲ ಮತ್ತು ನಮ್ಮ ಉಸಿರು

ಇಳಕಲ್ಲಿನ ಸೀರೆ ಅಂಗಡಿಗೆ ಹೋದವರು ಚಪ್ಪಲಿಯನ್ನು ಹೊರಗೆ ಬಿಟ್ಟು, ಬಿಳಿಯ ಹಾಸು ಹೊದಿಸಿದ ಗಾದಿಯ ಮೇಲೆ ಕುಳಿತು ಸೀರೆ ನೋಡುವುದು ವಾಡಿಕೆ. ಲಗ್ನದ ಜವಳಿ ತೆಗೆಯಲು ಬಂದ ಮನೆಮಂದಿ ಮೂರು ನಾಲ್ಕು ತಾಸು ಅಲ್ಲಿಯೇ ಇರುತ್ತಾರೆ. ಅಜ್ಜಿ ಲೋಡಿಗೆ ಒರಗಿರುತ್ತಾಳೆ. ಕೂಸು ಗಾದಿಯ ಮೇಲೆ ಅಂಬೆಗಾಲಿಡುತ್ತಿರುತ್ತದೆ. ಬಾಗಲಕೋಟೆ, ಹುನಗುಂದ, ಬಾದಾಮಿಗಳ ಕಲ್ಯಾಣ ಮಂಟಪಗಳಲ್ಲಿಯೂ ಜಮಖಾನೆ ಹಾಸಿ ನೆಲದ ಮೇಲೆ ಕುಳಿತುಕೊಳ್ಳುವವರೇ ಬಹಳ. ಕುರ್ಚಿಯಲ್ಲಿ ಕುಳಿತವರ ಮೂಗು ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿದ್ದರೆ, ನೆಲದ ಮೇಲೆ ಕುಳಿತವರದು ಎರಡು ಎರಡೂವರೆ ಅಡಿಯಲ್ಲಿರುತ್ತದೆ. ಅಂಬೆಗಾಲಿಡುವ ಕೂಸಿನದು ಒಂದೇ ಅಡಿ. ಆದುದರಿಂದ ನೆಲದ ಶುಚಿತ್ವವು ನಮ್ಮ ಭಾಗದಲ್ಲಿ ಬರಿಯ ಅಂದಚೆಂದದ ವಿಷಯವಲ್ಲ, ಉಸಿರಾಟದ ವಿಷಯ.

ಮುಂಜಾನೆ ಅಂಗಡಿ ತೆರೆಯುವ ಹೊತ್ತಿನಲ್ಲಿ ನಡೆಯುವುದನ್ನು ಗಮನಿಸಿರಿ. ಶಟರ್ ಅರ್ಧಕ್ಕೆ ಎತ್ತಿರುತ್ತದೆ. ಒಳಗೆ ತಾಯಿಯೊಬ್ಬಳು ಬಾಗಿ, ಒಣನೆಲವನ್ನು ಕಸಬರಿಗೆಯಿಂದ ರಭಸವಾಗಿ ಗುಡಿಸುತ್ತಿರುತ್ತಾಳೆ. ಒಳಬಿದ್ದ ಬಿಸಿಲಕೋಲಿನಲ್ಲಿ ಧೂಳು ಕುಣಿಯುವುದು ಕಾಣುತ್ತದೆ. ನಾವು ಕಾಣುವ ಆ ಕಣಗಳು ದಪ್ಪನೆಯವು. ಅವು ಮೂಗಿನ ರೋಮಗಳಲ್ಲಿ, ಗಂಟಲಿನ ಲೋಳೆಯಲ್ಲಿ ಸಿಕ್ಕಿಬೀಳುತ್ತವೆ. ತಲೆಗೂದಲು ಸುಮಾರು ೭೦ ಮೈಕ್ರಾನ್ ದಪ್ಪವಿದ್ದರೆ, ಶ್ವಾಸಕೋಶದ ಆಳಕ್ಕೆ ಇಳಿಯುವ ಧೂಳು ೫ ಮೈಕ್ರಾನಿಗಿಂತಲೂ ಸಣ್ಣದು, ಕಣ್ಣಿಗೆ ಕಾಣದ್ದು. ೧೦ ಮೈಕ್ರಾನಿನ ಕಣ ಕೆಲವೇ ನಿಮಿಷಗಳಲ್ಲಿ ನೆಲಕ್ಕೆ ಮರಳುತ್ತದೆ. ಒಂದು ಮೈಕ್ರಾನಿನ ಕಣ ತಾಸುಗಟ್ಟಲೆ ಗಾಳಿಯಲ್ಲಿಯೇ ತೇಲುತ್ತಿರುತ್ತದೆ. ಒಂಬತ್ತಕ್ಕೆ ಗುಡಿಸಿದ ಅಂಗಡಿಗೆ ಹತ್ತಕ್ಕೆ ಬಂದ ಗಿರಾಕಿಯು ಹೊಳೆಯುವ ನೆಲವನ್ನು ನೋಡಿ ಸಂತೋಷಪಡುತ್ತಾನೆ, ಆದರೆ ಆ ನೆಲದ ಮೇಲಿದ್ದ ನುಣ್ಣನೆಯ ಧೂಳನ್ನು ಅವನು ಆಗ ಉಸಿರಾಡುತ್ತಿರುತ್ತಾನೆ. ಉಬ್ಬಸವಿದ್ದವರಿಗೆ ಅಂಗಡಿಯಲ್ಲಿ ಒಮ್ಮೆಲೆ ದಮ್ಮು ಕಟ್ಟುವುದಕ್ಕೆ ಇದೂ ಒಂದು ಕಾರಣ.

ನಮ್ಮ ಹಿರಿಯರು ಈ ತಪ್ಪನ್ನು ಮಾಡುತ್ತಿರಲಿಲ್ಲ. ಅಂಗಳಕ್ಕೆ ಮೊದಲು ತಳಿ ಹೊಡೆದು, ಬಳಿಕ ಗುಡಿಸುತ್ತಿದ್ದರು. ಮಣ್ಣಿನ ನೆಲವನ್ನು ವಾರಕ್ಕೊಮ್ಮೆ ಸಗಣಿಯಿಂದ ಸಾರಿಸುತ್ತಿದ್ದರು. ಸಗಣಿಯ ಔಷಧೀಯ ಗುಣವನ್ನು ಕುರಿತು ಬಹಳ ಮಾತುಗಳಿವೆ. ಅವುಗಳನ್ನು ಬದಿಗಿಟ್ಟು ನೋಡಿದರೂ ಒಂದು ಸಂಗತಿ ನಿಶ್ಚಿತ: ಆ ತೇವದ ಲೇಪವು ಸಡಿಲ ಧೂಳನ್ನು ಹಿಡಿದು ಕೂರಿಸುತ್ತಿತ್ತು. ಮಣ್ಣಿನ ನೆಲ ಹೋಗಿ ಪರಸಿ ಬಂದಿತು, ಪರಸಿ ಹೋಗಿ ಹೊಳಪಿನ ಟೈಲ್ಸ್ ಬಂದಿತು. ತಳಿ ಹೊಡೆಯುವ ರೂಢಿ ಮಾತ್ರ ಅಂಗಳದಲ್ಲಿಯೇ ಉಳಿದು, ಒಳಗೆ ಬರಲಿಲ್ಲ. ಅದನ್ನು ಒಳಗೆ ತರಬೇಕಾಗಿದೆ. ಹಿಂಡಿದ ಒದ್ದೆ ಅರಿವೆಯನ್ನು ಉದ್ದ ಕೋಲಿನ ಮಾಪಿಗೆ ಸುತ್ತಿ, ಒಂದೇ ದಿಕ್ಕಿನಲ್ಲಿ ಎಳೆಯುತ್ತ ಹೋದರೆ ಧೂಳು ಏಳುವುದಿಲ್ಲ. ಕಸಬರಿಗೆ ಬೇಕೇ ಬೇಕೆನ್ನುವ ಕಡೆ, ತೇವ ಮಾಡಿದ ಮರದ ಹೊಟ್ಟನ್ನು ತೆಳ್ಳಗೆ ಚೆಲ್ಲಿ ಅದರೊಡನೆ ಕಸವನ್ನು ಮೆಲ್ಲಗೆ ಎಳೆಯಬೇಕು. ಶಟರನ್ನು ಪೂರ್ತಿ ತೆರೆದು, ಫ್ಯಾನನ್ನು ಆರಿಸಿ ಈ ಕೆಲಸ ಮಾಡಬೇಕು. ಕಪಾಟು, ಗಲ್ಲಾಗಳ ಮೇಲಿನ ಧೂಳನ್ನು ಮೊದಲು ಒರೆಸಿ, ನೆಲವನ್ನು ಕೊನೆಯಲ್ಲಿ ಹಿಡಿಯುವುದು ಸರಿಯಾದ ಕ್ರಮ. ಅನೇಕ ಕಡೆ ಇದು ತಲೆಕೆಳಗಾಗಿ ನಡೆಯುತ್ತದೆ.

ಇಳಕಲ್ಲಿನವರಿಗೆ ಇನ್ನೊಂದು ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಇಲ್ಲಿಯ ನಸುಗೆಂಪು ಗ್ರಾನೈಟು ದೇಶವಿದೇಶಗಳಲ್ಲಿ ಹೆಸರಾದದ್ದು. ಗ್ರಾನೈಟಿನಲ್ಲಿ ಐದನೆಯ ಒಂದು ಭಾಗಕ್ಕೂ ಮಿಕ್ಕಿ ಬೆಣಚು, ಎಂದರೆ ಸಿಲಿಕಾ ಇರುತ್ತದೆ. ಕಲ್ಲು ಕತ್ತರಿಸುವ, ತಿಕ್ಕಿ ಹೊಳಪು ಕೊಡುವ ಶೆಡ್ಡುಗಳ ನೆಲದ ಧೂಳು ಸೀರೆ ಅಂಗಡಿಯ ಧೂಳಿನಂತಹುದಲ್ಲ. ವರುಷಗಟ್ಟಲೆ ಅದನ್ನು ಉಸಿರಾಡಿದವರ ಶ್ವಾಸಕೋಶದಲ್ಲಿ ಕಲೆಗಟ್ಟಿ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ. ಒಮ್ಮೆ ಗಟ್ಟಿಯಾದ ಶ್ವಾಸಕೋಶವು ಮೊದಲಿನಂತಾಗುವುದಿಲ್ಲ. ಅಂಥವರಿಗೆ ಕ್ಷಯರೋಗವೂ ಬೇಗನೆ ತಗಲುತ್ತದೆ. ೧೯೪೮ರ ಕಾರ್ಖಾನೆಗಳ ಕಾಯಿದೆಯು ಇದನ್ನು ಸರಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೇರಿಸಿತ್ತು. ಇಂಥ ಶೆಡ್ಡುಗಳಲ್ಲಿ ಒಣ ಕಸಬರಿಗೆಯನ್ನು ಮುಟ್ಟಲೇಬಾರದು. ಗಾಳಿಯ ಪೈಪಿನಿಂದ ನೆಲವನ್ನಾಗಲಿ ಮೈಮೇಲಿನ ಬಟ್ಟೆಯನ್ನಾಗಲಿ ಊದಿ ತೆಗೆಯುವುದಂತೂ ಎಲ್ಲಕ್ಕಿಂತ ಕೆಟ್ಟದ್ದು. ಅಲಗಿಗೆ ನೀರು ಬಿಟ್ಟು ಕತ್ತರಿಸಿದಾಗ ಬೀಳುವ ರಾಡಿಯನ್ನು ಹಸಿಯಾಗಿರುವಾಗಲೇ ಬಳಿದು ತೆಗೆಯಬೇಕು. ಒಣಗಿದರೆ ಅದು ಮತ್ತೆ ಧೂಳೇ. ಮೂಗಿಗೆ ಟವೆಲ್ ಸುತ್ತಿಕೊಂಡರೆ ಈ ಧೂಳು ತಡೆಯುವುದಿಲ್ಲ. ಎನ್–೯೫ ಮುಖಗವಸು ಬೇಕು. ಕೆಲಸದ ಬಟ್ಟೆಯನ್ನು ಮನೆಯ ಮಕ್ಕಳ ನಡುವೆ ಝಾಡಿಸಬಾರದು.

ಇನ್ನು ನೆಲದ ಧೂಳು ಬರುವುದೆಲ್ಲಿಂದ ಎಂದು ನೋಡೋಣ. ಬಹುಪಾಲು ಕಾಲಿನಿಂದ. ಹುನಗುಂದದ ಎರೆಮಣ್ಣು ಮಳೆಗಾಲದಲ್ಲಿ ಪಾದರಕ್ಷೆಗೆ ಅಂಟಿ ಬಂದು, ಒಳಗೆ ಒಣಗಿ, ಪುಡಿಯಾಗಿ ಹಾರುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲು ಸವೆದು ಉದುರುವ ಮರಳು ಅಂಟುವುದಿಲ್ಲ, ಆದರೆ ನೆಲವನ್ನು ಗೀರುತ್ತದೆ. ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಪಟ್ಟಿಯಲ್ಲಿ ಮರಳಿನ ಬೆಣಚು ಏಳನೆಯದು, ಪರಸಿಯ ಸುಣ್ಣಕಲ್ಲು ಮೂರನೆಯದು. ಪ್ರವಾಸಿಗರು ಬಂದು ಹೋಗುವ ಬಾದಾಮಿಯ ಹೊಟೆಲುಗಳಲ್ಲಿ ಬಾಗಿಲ ಬಳಿಯ ನೆಲವೇ ಮೊದಲು ಹೊಳಪು ಕಳೆದುಕೊಳ್ಳುವುದು ಇದಕ್ಕಾಗಿಯೇ. ಗೀರು ಬಿದ್ದ ನೆಲ ಇನ್ನಷ್ಟು ಕೊಳೆಯನ್ನು ಹಿಡಿಯುತ್ತದೆ. ಒಂದು ಗೇಣಿನ ಕಾಲೊರೆಸು ಇಲ್ಲಿ ಏನೂ ಮಾಡಲಾರದು. ಹೊಸ್ತಿಲ ಹೊರಗೆ ತೆಂಗಿನ ನಾರಿನ ಒರಟು ಹಾಸು, ಒಳಗೆ ಹತ್ತಿಯ ಅಥವಾ ಗೋಣಿಯ ಮೆತ್ತನೆಯ ಹಾಸು, ಎರಡೂ ಪಾದಗಳು ಎರಡೆರಡು ಸಲ ಊರುವಷ್ಟು ಉದ್ದಕ್ಕೆ ಇರಬೇಕು. ಅವುಗಳನ್ನು ನಿತ್ಯವೂ ಹೊರಗೆ ಒಯ್ದು ಬಡಿಯಬೇಕು. ಪಾದರಕ್ಷೆ ಹೊರಗೆ ಬಿಡುವ ಅಂಗಡಿಗಳು ಅರ್ಧ ಕೆಲಸವನ್ನು ಆಗಲೇ ಮಾಡಿ ಮುಗಿಸಿವೆ.

ಕಲ್ಲಿನ ಜಾತಿಯನ್ನು ಅರಿಯದೆ ತೊಳೆಯುವುದರಿಂದ ಆಗುವ ಹಾನಿ ದೊಡ್ಡದು. ಹಳೆಯ ಅಂಗಡಿಗಳಲ್ಲಿ, ಗೋದಾಮುಗಳಲ್ಲಿ, ಛತ್ರಗಳಲ್ಲಿ ಇರುವ ಶಹಾಬಾದ ಪರಸಿಯು ಸುಣ್ಣಕಲ್ಲು. ಬಾಗಲಕೋಟೆಯ ಸುತ್ತ ಸಿಮೆಂಟಿಗೆ ಬಳಸುವ ಕಲ್ಲೂ ಅದೇ ವರ್ಗದ್ದು. ಇದರ ಮೇಲೆ ಆಸಿಡ್ ಬಿದ್ದೊಡನೆ ನೊರೆ ಏಳುತ್ತದೆ. ಕೊಳೆ ಹೋಗುತ್ತಿದೆ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಕರಗಿ ಹೋಗುತ್ತಿರುವುದು ಕಲ್ಲು. ಮೈ ಒರಟಾಗುತ್ತದೆ, ಒರಟಾದಲ್ಲಿ ಕೊಳೆ ಕೂರುತ್ತದೆ, ಕೊಳೆ ತೆಗೆಯಲು ಮತ್ತೆ ಆಸಿಡ್ ಬರುತ್ತದೆ. ಗ್ರಾನೈಟು ಅಷ್ಟು ಸುಲಭವಾಗಿ ಕರಗುವುದಿಲ್ಲ, ಆದರೂ ಅದರೊಳಗಿನ ಕಬ್ಬಿಣದ ಅಂಶ ಹೊರಬಂದು ಹಳದಿ ಕಲೆಗಳಾಗಬಹುದು. ಬಾದಾಮಿಯ ಮರಳುಗಲ್ಲು ನೀರನ್ನೂ ಎಣ್ಣೆಯನ್ನೂ ಹೀರಿಕೊಳ್ಳುವಂತಹುದು. ಅದಕ್ಕೆ ಕೊಡಗಟ್ಟಲೆ ನೀರು ಸುರಿಯದೆ ತೇವದ ಅರಿವೆಯಿಂದ ಒರೆಸುವುದು ಲೇಸು. ಈ ಎಲ್ಲ ನೆಲಗಳಿಗೂ ಸೌಮ್ಯವಾದ ಸೋಪಿನ ನೀರು, ಬಳಿಕ ಎರಡನೆಯ ಬಕೆಟ್ಟಿನ ತಿಳಿನೀರು ಸಾಕು. ಒಂದೇ ಬಕೆಟ್ಟಿನ ಕಪ್ಪು ನೀರಿನಲ್ಲಿ ಇಡೀ ಅಂಗಡಿಯನ್ನು ಒರೆಸುವುದೆಂದರೆ ಕೊಳೆಯನ್ನು ಸಮನಾಗಿ ಹಂಚಿದಂತೆ.

ಕಲ್ಲಿಗಿಂತ ಮನುಷ್ಯನಿಗೆ ಅಪಾಯ ಹೆಚ್ಚು. ಬಚ್ಚಲು, ಶೌಚಾಲಯಗಳ ನೆಲ ಬೇಗ ಬೆಳ್ಳಗಾಗಲೆಂದು ಕೆಲವರು ಬ್ಲೀಚಿಂಗ್ ಪುಡಿ ಚೆಲ್ಲಿ, ಅದರ ಮೇಲೆಯೇ ಆಸಿಡ್ ಹಾಕುತ್ತಾರೆ. ಇವೆರಡೂ ಕೂಡಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಭಾರವಾದುದರಿಂದ ಕೆಳಗೇ ನಿಲ್ಲುತ್ತದೆ. ಬಾಗಿ ತಿಕ್ಕುತ್ತಿರುವವರ ಮುಖವೂ ಅಲ್ಲಿಯೇ ಇರುತ್ತದೆ. ಕಣ್ಣು ಉರಿ, ಕೆಮ್ಮು, ಎದೆ ಬಿಗಿತ ತೋರಿದ ಕೂಡಲೇ ಎಲ್ಲವನ್ನೂ ಅಲ್ಲಿಯೇ ಬಿಟ್ಟು ಹೊರಗೆ ಬಯಲಿಗೆ ಬರಬೇಕು. ಕಣ್ಣುಗಳನ್ನು ಹದಿನೈದು ನಿಮಿಷಕ್ಕೆ ಕಡಿಮೆಯಾಗದಂತೆ ತಿಳಿನೀರಿನಲ್ಲಿ ತೊಳೆಯಬೇಕು. ಸುಧಾರಿಸಿದಂತೆ ಕಂಡರೂ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಶ್ವಾಸಕೋಶದಲ್ಲಿ ನೀರು ತುಂಬುವುದು ಕೆಲವು ತಾಸುಗಳ ಬಳಿಕವೂ ಆದೀತು. ಬ್ಲೀಚಿಂಗ್ ಪುಡಿಯನ್ನು ನೀರಿನ ಹೊರತು ಮತ್ತಾವುದರೊಡನೆಯೂ ಕೂಡಿಸಕೂಡದು, ಫಿನಾಯಿಲಿನೊಡನೆಯೂ ಕೂಡದು. ಇಂಥ ದ್ರವಗಳನ್ನು ಕುಡಿಯುವ ನೀರಿನ, ತಂಪು ಪಾನೀಯದ ಬಾಟಲಿಗಳಲ್ಲಿ ತುಂಬಿಡುವುದು ನಮ್ಮ ಸಂತೆಪೇಟೆಗಳಲ್ಲಿ ಸಾಮಾನ್ಯ. ಮಗುವೇನಾದರೂ ಕುಡಿದರೆ ವಾಂತಿ ಮಾಡಿಸಬಾರದು. ಇಳಿಯುವಾಗ ಸುಟ್ಟ ಗಂಟಲನ್ನು ಏರುವಾಗ ಆಸಿಡ್ ಮತ್ತೊಮ್ಮೆ ಸುಡುತ್ತದೆ. ಬಾಟಲಿಯೊಡನೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಖಾನಾವಳಿಗಳಲ್ಲಿಯೂ ಮಂಟಪದ ಅಡುಗೆಮನೆಗಳಲ್ಲಿಯೂ ಎಣ್ಣೆ ಚೆಲ್ಲಿದಾಗ ನೀರು ಸುರಿದರೆ ಅದು ಹರಡುತ್ತದೆ. ಮೊದಲು ಬೂದಿ ಅಥವಾ ಮರದ ಹೊಟ್ಟು ಹಾಕಿ ಹೀರಿಸಿ, ಬಳಿದು ತೆಗೆದು, ಆಮೇಲೆ ಬಿಸಿ ಸೋಪಿನ ನೀರಿನಿಂದ ತೊಳೆಯಬೇಕು. ಹೊಳಪಿನ ಗ್ರಾನೈಟು ಒದ್ದೆಯಾದರೆ ಬಹಳ ಜಾರುತ್ತದೆ, ವಯಸ್ಸಾದವರ ತೊಡೆಯ ಚಪ್ಪೆ ಎಲುಬು ಮುರಿಯುವುದು ಇಂಥಲ್ಲಿಯೇ. ನೆಲವನ್ನು ಅರ್ಧರ್ಧ ಒರೆಸಿ, ನಡೆಯಲು ಒಂದು ಬದಿ ಒಣಗಿರುವಂತೆ ನೋಡಿಕೊಂಡರಾಯಿತು.

ಜಮಖಾನೆ, ಗಾದಿಗಳ ವಿಷಯ ತುಸು ವಿಸ್ತಾರವಾಗಿಯೇ ಹೇಳತಕ್ಕದ್ದು. ಹಾಸಿನ ಎಳೆಗಳ ನಡುವೆ ನಮ್ಮ ಮೈಯಿಂದ ಉದುರಿದ ಚರ್ಮದ ಹೊಟ್ಟು ಸೇರುತ್ತದೆ. ಅದನ್ನು ತಿಂದು ಬದುಕುವ ಧೂಳುನುಸಿಯು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಚಿಕ್ಕ ಜೀವಿ. ಅದು ಕಚ್ಚುವುದಿಲ್ಲ, ಅದರ ಹಿಕ್ಕೆಯಲ್ಲಿರುವ ಪ್ರೋಟೀನು ಉಸಿರಿನೊಡನೆ ಒಳಹೋಗಿ ಸೀನು, ಮೂಗು ಸೋರಿಕೆ, ಉಬ್ಬಸಗಳನ್ನು ಎಬ್ಬಿಸುತ್ತದೆ. ಗಾಳಿಯಲ್ಲಿ ತೇವ ಕಡಿಮೆಯಾದರೆ ನುಸಿ ಸಾಯುತ್ತದೆ. ನಮ್ಮ ಬೇಸಿಗೆಯ ಒಣಬಿಸಿಲು ಈ ವಿಷಯದಲ್ಲಿ ಉಪಕಾರಿ. ಆದರೆ ನುಸಿ ಸತ್ತರೂ ಹಿಕ್ಕೆ ಹಾಸಿನಲ್ಲಿಯೇ ಉಳಿಯುತ್ತದೆಯಾದ್ದರಿಂದ ಬಿಸಿಲಿಗೆ ಹಾಕಿದರಷ್ಟೇ ಸಾಲದು, ಬಡಿಯಬೇಕು, ಒಗೆಯಬೇಕು.

ಮಂಟಪಗಳಲ್ಲಿ ಆಗುವುದೇನು? ಲಗ್ನ ಮುಗಿದೊಡನೆ ಅಕ್ಷತೆ, ಬೂಂದಿಕಾಳು, ಚೆಲ್ಲಿದ ನೀರು ಸಮೇತ ಜಮಖಾನೆಯನ್ನು ಸುತ್ತಿ ಕತ್ತಲೆಯ ಕೋಣೆಗೆ ಎಸೆಯುತ್ತಾರೆ. ಇಲಿ, ಜಿರಲೆಗಳಿಗೆ ಅದು ಹಬ್ಬ. ಮುಂದಿನ ಲಗ್ನದ ದಿನ ಅದನ್ನು ಸಭಾಂಗಣದೊಳಗೇ ಝಾಡಿಸುತ್ತಾರೆ. ಇದಕ್ಕೆ ಬದಲಾಗಿ, ಕಾರ್ಯ ಮುಗಿದ ಮರುದಿನ ಬಯಲಿನಲ್ಲಿ ಹಗ್ಗದ ಮೇಲೆ ಹರವಿ, ಗಾಳಿಗೆ ಬೆನ್ನು ಮಾಡಿ ನಿಂತು, ಹಿಂಬದಿಯಿಂದ ಬಡಿಯಬೇಕು. ಎರಡೂ ಮಗ್ಗುಲು ಬಿಸಿಲು ಕಾಣಬೇಕು. ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆಗಳಂತೆ ಹತ್ತಿಯಿಂದ ನೇಯ್ದವು ಒಗೆತಕ್ಕೆ ತಾಳುತ್ತವೆ. ಬಣ್ಣ ಬಿಡುವುದೇ ಎಂದು ಒಂದು ಮೂಲೆಯನ್ನು ಮೊದಲು ತೊಯ್ಸಿ ನೋಡಬೇಕು. ಪೂರ್ತಿ ಒಣಗಿದ ಮೇಲೆ ಮಡಚದೆ ಸುರುಳಿ ಸುತ್ತಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಬೇಕು. ಬೇವಿನೆಲೆ ಇಡುವವರು ಇಡಲಿ. ಅದು ಒಗೆತಕ್ಕೆ ಬದಲಲ್ಲ. ಸೀರೆ ಅಂಗಡಿಯ ಗಾದಿಯ ಮೇಲುಹಾಸನ್ನು ವಾರಕ್ಕೊಮ್ಮೆ ೬೦ ಡಿಗ್ರಿಯ ಬಿಸಿನೀರಿನಲ್ಲಿ ಒಗೆದರೆ ನುಸಿಯೂ ಉಳಿಯದು, ಹಿಕ್ಕೆಯೂ ಉಳಿಯದು.

ನವನಗರದ ಕೆಲವು ಕಚೇರಿಗಳಲ್ಲಿ, ಹೊಟೆಲುಗಳಲ್ಲಿ ಗೋಡೆಯಿಂದ ಗೋಡೆಗೆ ಅಂಟಿಸಿದ ಕಾರ್ಪೆಟ್ ಕಾಣುತ್ತದೆ. ಎತ್ತಿ ಬಿಸಿಲಿಗೆ ಹಾಕಲಾಗದ ಹಾಸು ಇಷ್ಟು ಧೂಳಿನ ನಾಡಿಗೆ ಹೊಂದುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಇದ್ದಲ್ಲಿ ನಿತ್ಯ ವ್ಯಾಕ್ಯೂಮ್ ಯಂತ್ರ ಬೇಕು. ಸಾಧಾರಣ ಯಂತ್ರವು ದಪ್ಪ ಕಸವನ್ನು ನುಂಗಿ, ಸೂಕ್ಷ್ಮ ಧೂಳನ್ನು ಹಿಂಬದಿಯಿಂದ ಉಗುಳುತ್ತದೆ. ಹೆಪಾ ಶೋಧಕವಿರುವ ಯಂತ್ರವನ್ನೇ ಕೊಳ್ಳಬೇಕು. ನೀರು ಬಿದ್ದರೆ ಒಂದೆರಡು ದಿನಗಳೊಳಗೆ ಒಣಗಿಸಬೇಕು, ಇಲ್ಲವಾದರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಮುಗ್ಗಲು ವಾಸನೆಗೆ ಸುಗಂಧ ಸಿಂಪಡಿಸುವುದು ಪರಿಹಾರವಲ್ಲ.

ಕಸಗುಡಿಸುವುದನ್ನೇ ಕಾಯಕವಾಗಿ ಮಾಡಿದ ಸತ್ಯಕ್ಕನನ್ನು ಶರಣರ ಸಾಲಿನಲ್ಲಿ ನೆನೆಯುವ ನಾವು, ನಮ್ಮ ಅಂಗಡಿಯ ಕಸಗುಡಿಸುವ ತಾಯಿಗೆ ಉದ್ದ ಕೋಲಿನ ಮಾಪು, ರಬ್ಬರಿನ ಕೈಗವಸು, ಮುಖಗವಸುಗಳನ್ನು ಕೊಡಿಸಿದ್ದೇವೆಯೇ? ಒಂದು ಮುಂಜಾನೆಯಲ್ಲಿ ಮೂರು ನಾಲ್ಕು ಅಂಗಡಿ ಗುಡಿಸುವವಳು ನಮ್ಮೆಲ್ಲರ ಪಾಲಿನ ಧೂಳನ್ನು ಒಬ್ಬಳೇ ಉಸಿರಾಡುತ್ತಾಳೆ. ಕೆಲಸದ ದಿನ ಹೆಚ್ಚಾಗಿ ರಜೆಯ ದಿನ ಇಳಿಯುವ ಕೆಮ್ಮು, ಧೂಳಿನಿಂದಲೇ ಬಂದಿರುವ ಸಂಭವವುಂಟು. ಅಂಥವರು ತಾವು ಮಾಡುವ ಕೆಲಸವನ್ನು ವೈದ್ಯರು ಕೇಳದಿದ್ದರೂ ತಾವಾಗಿಯೇ ಹೇಳಬೇಕು. ಕೆಮ್ಮು ಎರಡು ವಾರ ಮೀರಿದರೆ ಧೂಳಿನದೇ ಇರಬಹುದೆಂದು ಸುಮ್ಮನಿರದೆ ಕಫದ ಪರೀಕ್ಷೆ ಮಾಡಿಸಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಯೂ ಔಷಧವೂ ಉಚಿತ.