ನಿಮಗಿದು ಗೊತ್ತೇ? ‘ಲೈಫ್‌ಟೈಮ್’ ಎಣ್ಣೆಗೂ ವಯಸ್ಸಾಗುತ್ತದೆ

◆ ಬಿಎಂಡಬ್ಲ್ಯು, ಜಾಗ್ವಾರ್, ಆಡಿ, ಬೆಂಟ್ಲಿ, ರೋಲ್ಸ್ ರಾಯ್ಸ್. ಮೂತಿಯ ಮೇಲಿನ ಲಾಂಛನ ಬೇರೆ ಬೇರೆ, ಆದರೆ ಇವುಗಳ ಎಷ್ಟೋ ಮಾದರಿಗಳಲ್ಲಿರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಒಂದೇ ಮನೆಯದು: ಜರ್ಮನಿಯ ಫ್ರೀಡ್ರಿಕ್ಸ್‌ಹಾಫೆನ್‌ನ ಝಡ್‌ಎಫ್. 1915ರಲ್ಲಿ ಈ ಕಂಪನಿ ಶುರುವಾದದ್ದು ಕಾರಿಗಾಗಿ ಅಲ್ಲ, ಜೆಪ್ಪೆಲಿನ್ ವಾಯುನೌಕೆಗಳಿಗೆ ಹಲ್ಲುಚಕ್ರ ಮಾಡಿಕೊಡಲು.

◆ ಗೇರ್‌ಬಾಕ್ಸಿನ ಎಣ್ಣೆ ‘ಲೈಫ್‌ಟೈಮ್’, ಬದಲಿಸುವ ಮಾತೇ ಇಲ್ಲ ಎಂದು ಹಲವು ಕಾರು ಕಂಪನಿಗಳು ಹೇಳುತ್ತ ಬಂದಿವೆ. ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಹೇಳುವುದೇ ಬೇರೆ: 80,000ದಿಂದ 1,20,000 ಕಿ.ಮೀ. ಓಡಿದ ಮೇಲೆ, ಇಲ್ಲವೇ 8 ವರ್ಷಕ್ಕೆ ಬದಲಿಸಿ. ಹಾಗಾದರೆ ಆ ‘ಲೈಫು’ ಎಣ್ಣೆಯದೋ ವಾರಂಟಿಯದೋ ಎಂದು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕೇಳಿಕೊಳ್ಳುವುದು ಒಳ್ಳೆಯದು.

◆ ಝಡ್‌ಎಫ್‌ನ 6 ಮತ್ತು 8 ಗೇರಿನ ಬಹುಪಾಲು ಪೆಟ್ಟಿಗೆಗಳಲ್ಲಿ ಫಿಲ್ಟರನ್ನು ಮಾತ್ರ ಬಿಚ್ಚಿ ಬದಲಿಸಲು ಬರುವುದಿಲ್ಲ. ಕೆಳಗಿನ ಪ್ಲಾಸ್ಟಿಕ್ ಪ್ಯಾನಿನೊಳಗೇ ಅದು ಸೇರಿಕೊಂಡಿರುತ್ತದೆ. ಹೊಸ ಫಿಲ್ಟರ್ ಬೇಕೆಂದರೆ ಇಡೀ ಪ್ಯಾನೇ ಹೊಸದಾಗಬೇಕು.

◆ ಹಳೆಯ ಪ್ಯಾನಿನಲ್ಲಿ ಪುಟ್ಟ ಆಯಸ್ಕಾಂತಗಳಿರುತ್ತವೆ. ಅವಕ್ಕೆ ಬೂದುಬಣ್ಣದ ನುಣುಪು ಕೆಸರು ಮೆತ್ತಿಕೊಂಡಿದ್ದರೆ ಅದು ಸಹಜ ಸವೆತ. ಹೊಳೆಯುವ ಲೋಹದ ಚೂರುಗಳು ಸಿಕ್ಕರೆ ಖರ್ಚಿಗೆ ಸಿದ್ಧರಾಗಿ. ಮೆಕ್ಯಾನಿಕ್ ಪ್ಯಾನ್ ಇಳಿಸುವಾಗ ಪಕ್ಕದಲ್ಲಿ ನಿಂತು ನೋಡಿ.

◆ ಪ್ಯಾನ್ ಬಿಚ್ಚಿ ಸುರಿಸಿದರೆ ಎಣ್ಣೆಯೆಲ್ಲ ಹೊರಬರುವುದಿಲ್ಲ. ದೊಡ್ಡ ಪಾಲು, ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನಲ್ಲೇ ಉಳಿದುಬಿಡುತ್ತದೆ.

◆ 1996ರಲ್ಲಿ ಬಂದ ಮರ್ಸಿಡಿಸ್‌ನ 5 ಗೇರಿನ ಆಟೊಮ್ಯಾಟಿಕ್‌ಗೆ ಎಣ್ಣೆ ಅಳೆಯುವ ಕೊಳವೆ ಇತ್ತು, ಅಳೆಯುವ ಕಡ್ಡಿ ಇರಲಿಲ್ಲ! ಕಡ್ಡಿ ವರ್ಕ್‌ಶಾಪಿನವರ ಕೈಯಲ್ಲಿ. ಅಳೆಯುವುದೂ ಎಣ್ಣೆ 80 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಮೇಲೆ. ಈಗಿನ ಎಷ್ಟೋ ಪೆಟ್ಟಿಗೆಗಳಲ್ಲಿ ಕೊಳವೆಯೂ ಮಾಯ. ಎಂಜಿನ್ ಓಡುತ್ತಿರುವಾಗಲೇ, ಕಂಪ್ಯೂಟರಿನಲ್ಲಿ ಎಣ್ಣೆಯ ಬಿಸಿ ನೋಡುತ್ತ, ಪಕ್ಕದ ಬಿರಡೆ ತೆಗೆದು, ತುಳುಕುವವರೆಗೆ ತುಂಬಬೇಕು. ಎಣ್ಣೆ ಕಾದಷ್ಟೂ ಹಿಗ್ಗುತ್ತದೆ, ಆದ್ದರಿಂದ ತಪ್ಪು ಬಿಸಿಯಲ್ಲಿ ಅಳೆದರೆ ಮಟ್ಟವೂ ತಪ್ಪು.

◆ ಅದೇ ಮರ್ಸಿಡಿಸ್ ಪೆಟ್ಟಿಗೆಯ ಹೆಸರಾಂತ ಕಾಯಿಲೆ ಇನ್ನೂ ಸ್ವಾರಸ್ಯದ್ದು. ವೈರುಗಳು ಒಳಹೋಗುವ ಜಾಗದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಕನೆಕ್ಟರ್. ಅದರ ರಬ್ಬರ್ ಉಂಗುರ ಗಟ್ಟಿಯಾದರೆ ಎಣ್ಣೆ ಜಿನುಗುತ್ತದೆ. ಜಿನುಗಿದ್ದು ನೆಲಕ್ಕಷ್ಟೇ ತೊಟ್ಟಿಕ್ಕಿ ಸುಮ್ಮನಾಗುವುದಿಲ್ಲ. ದೀಪದ ಬತ್ತಿಯಲ್ಲಿ ಏರುವ ಹಾಗೆ ವೈರಿನೊಳಗೇ ಮೇಲೇರಿ ಗೇರ್ ನಿಯಂತ್ರಿಸುವ ಕಂಪ್ಯೂಟರಿಗೆ ತಲುಪುತ್ತದೆ. ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಗೇರ್‌ಬಾಕ್ಸೇ ಹೋಯಿತು ಎಂದು ಯಾರಾದರೂ ಅಂದರೆ, ಮೊದಲು ಆ ಕಂಪ್ಯೂಟರಿನ ಪ್ಲಗ್ ಬಿಚ್ಚಿ ಎಣ್ಣೆ ಇದೆಯೇ ನೋಡಲು ಹೇಳಿ. ಕನೆಕ್ಟರಿನ ಬೆಲೆ ಗೇರ್‌ಬಾಕ್ಸಿನ ಮುಂದೆ ಲೆಕ್ಕಕ್ಕೇ ಇಲ್ಲ.

◆ ಈ ಎಣ್ಣೆಗೆ ಸಾಮಾನ್ಯವಾಗಿ ಕೆಂಪು ಬಣ್ಣ ಹಾಕುವುದು ಸೋರಿದಾಗ ಎಂಜಿನ್ ಆಯಿಲ್ ಅಲ್ಲವೆಂದು ತಿಳಿಯಲಿ ಎಂದು. ರೇಡಿಯೇಟರಿನೊಳಗೆ ಎಣ್ಣೆ ತಂಪಾಗುವ ಭಾಗ ಬಿರುಕುಬಿಟ್ಟು ಕೂಲೆಂಟ್ ಬೆರೆತರೆ ಎಣ್ಣೆ ತಿಳಿ ಗುಲಾಬಿ. ಅಮೆರಿಕದ ಮೆಕ್ಯಾನಿಕ್‌ಗಳು ಅದನ್ನು ಸ್ಟ್ರಾಬೆರಿ ಮಿಲ್ಕ್‌ಶೇಕ್ ಅನ್ನುತ್ತಾರೆ. ನೋಡಲು ಚೆಂದ, ಗೇರ್‌ಬಾಕ್ಸಿಗೆ ವಿಷ.

◆ ಒಂದು ಕಾಲದಲ್ಲಿ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರು. ಕ್ಲಚ್ಚುಗಳು ಜರ್ಕ್ ಹೊಡೆಯದೆ ನಯವಾಗಿ ಹಿಡಿದುಕೊಳ್ಳಲಿ ಎಂದು. 1970ರ ದಶಕದ ಆರಂಭದಲ್ಲಿ ಅಮೆರಿಕ ಇದನ್ನು ನಿಲ್ಲಿಸಿದಾಗ ರಸಾಯನ ತಜ್ಞರು ಬದಲಿ ಹುಡುಕಲು ಪರದಾಡಿದರು. ಹೊಹೋಬಾ ಗಿಡದ ಬೀಜದ ಎಣ್ಣೆಯನ್ನೂ ಪರೀಕ್ಷಿಸಿ ನೋಡಿದರು.

◆ ನಂಬುವುದು ಕಷ್ಟ, ಆದರೆ ಕೋಟಿ ರೂಪಾಯಿಯ ಕಾರನ್ನೂ ಮುಂದಕ್ಕೆ ತಳ್ಳುವುದು ಕಾಗದ. ಆಟೊಮ್ಯಾಟಿಕ್ ಪೆಟ್ಟಿಗೆಯೊಳಗಿನ ಕ್ಲಚ್ ಪ್ಲೇಟುಗಳ ಮೇಲೆ ಅಂಟಿಸಿರುವುದು ನಾರು ಮತ್ತು ರಾಳದಿಂದ ಮಾಡಿದ ಕಾಗದದಂಥ ಪದರ. ಎಣ್ಣೆಯಲ್ಲಿ ಅದು ವರ್ಷಗಟ್ಟಲೆ ಬಾಳುತ್ತದೆ, ನೀರು ಸೇರಿದರೆ ಅಂಟು ಬಿಟ್ಟು ಸುಲಿದುಕೊಳ್ಳುತ್ತದೆ. 2022ರ ಸೆಪ್ಟೆಂಬರಿನ ಮಳೆಗೆ ಬೆಂಗಳೂರಿನ ಯಮಲೂರಿನಲ್ಲಿ ದುಬಾರಿ ಕಾರುಗಳು ಮುಳುಗಿ ನಿಂತದ್ದು ನೆನಪಿರಬಹುದು. ಗೇರ್‌ಬಾಕ್ಸಿಗೆ ಉಸಿರಾಡಲೆಂದು ಮೇಲೊಂದು ಸಣ್ಣ ರಂಧ್ರವಿರುತ್ತದೆ. ನೀರಿನ ಮಟ್ಟ ಅದನ್ನು ದಾಟಿದರೆ ಒಳಗೆ ಇಳಿಯಲು ಅಷ್ಟೇ ಸಾಕು. ಸೀಟು ಒಣಗಿಸಿ, ಎಂಜಿನ್ ಆಯಿಲ್ ಬದಲಿಸಿ, ಗೇರ್ ಆಯಿಲ್ ಮರೆತರೆ ಕಾರು ಕೆಲವು ದಿನ ಚೆನ್ನಾಗಿಯೇ ಓಡೀತು. ಅದೇ ಮೋಸ.

◆ ಕೆಟ್ಟು ನಿಂತ ಆಟೊಮ್ಯಾಟಿಕ್ ಕಾರಿಗೆ ಹಗ್ಗ ಕಟ್ಟಿ ದೂರ ಎಳೆಯಬಾರದು. ಒಳಗೆ ಎಣ್ಣೆ ಹರಿಸುವ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ ನಿಂತಿದ್ದರೆ ಚಕ್ರದ ಜೊತೆ ತಿರುಗುವ ಭಾಗಗಳು ಒಣಗಿಯೇ ಉಜ್ಜಿಕೊಳ್ಳುತ್ತವೆ. ನಾಲ್ಕೂ ಚಕ್ರ ಮೇಲಿರುವಂತೆ ಲಾರಿಯ ಮೇಲೆ ಹೇರಿಸಿ.

◆ ಟಾರ್ಕ್ ಕನ್ವರ್ಟರಿನ ಮೂಲಪುರುಷ ಜರ್ಮನಿಯ ಹರ್ಮನ್ ಫೊಟ್ಟಿಂಗರ್. 1905ರಲ್ಲಿ ಪೇಟೆಂಟ್ ಪಡೆಯುವಾಗ ಅವನ ತಲೆಯಲ್ಲಿದ್ದದ್ದು ಹಡಗು.

◆ ರೋಲ್ಸ್ ರಾಯ್ಸ್ ಎಂದರೆ ಎಲ್ಲವೂ ಸ್ವಂತದ್ದು ಎಂಬ ಭ್ರಮೆ ಬೇಡ. 1950ರ ದಶಕದಲ್ಲಿ ಅದು ಅಮೆರಿಕದ ಜನರಲ್ ಮೋಟಾರ್ಸ್‌ನ ಹೈಡ್ರಾ–ಮ್ಯಾಟಿಕ್ ಗೇರ್‌ಬಾಕ್ಸನ್ನು ಪರವಾನಗಿ ಪಡೆದು ತಯಾರಿಸಿತು. ಆ ಹೈಡ್ರಾ–ಮ್ಯಾಟಿಕ್ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಟ್ಯಾಂಕುಗಳಲ್ಲಿ ದುಡಿದಿತ್ತು. ಮುಂದೆ ಬಂದ ಟರ್ಬೊ ಹೈಡ್ರಾಮ್ಯಾಟಿಕ್ 400 ಇನ್ನೂ ಜಗಜಟ್ಟಿ: ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೊ, ಜಾಗ್ವಾರ್ ಎಕ್ಸ್‌ಜೆ12, 1976ರ ಫೆರಾರಿ 400 ಎಲ್ಲದರಲ್ಲೂ ಅದೇ. ಸೇನೆಯ ಹಮ್ವೀಯಲ್ಲೂ ಅದರ ರೂಪಾಂತರವೇ. ಹೀಗಾಗಿ ಅಮೆರಿಕದಲ್ಲಿ ಹಳೆಯ ಫೆರಾರಿಯ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು ಷೆವರ್ಲೆ ಪಿಕಪ್ ರಿಪೇರಿ ಮಾಡುವವನೂ ಬಿಚ್ಚಬಲ್ಲ.

◆ 1953ರ ಆಗಸ್ಟ್ 12ರಂದು ಮಿಶಿಗನ್‌ನ ಲಿವೋನಿಯಾದಲ್ಲಿದ್ದ ಹೈಡ್ರಾ–ಮ್ಯಾಟಿಕ್ ಕಾರ್ಖಾನೆ ಸುಟ್ಟು ಬೂದಿಯಾಯಿತು. ಕಾರು ಕಟ್ಟುವುದನ್ನು ನಿಲ್ಲಿಸಲಾಗದ ಕ್ಯಾಡಿಲಾಕ್, ಬ್ಯೂಕ್‌ನ ಗೇರ್‌ಬಾಕ್ಸ್ ಹಾಕಿ ಸಾವಿರಾರು ಕಾರು ಮಾರಿತು.

◆ 2013ರ ರೋಲ್ಸ್ ರಾಯ್ಸ್ ರೇಯ್ತ್, ಉಪಗ್ರಹದ ನೆರವಿನಿಂದ ಮುಂದಿನ ತಿರುವನ್ನು ತಿಳಿದುಕೊಂಡು ಗೇರನ್ನು ಮೊದಲೇ ಆಯ್ದಿಟ್ಟುಕೊಳ್ಳುತ್ತದೆ. ಒಳಗಿರುವುದು ಮತ್ತದೇ ಝಡ್‌ಎಫ್‌ನ 8 ಗೇರಿನ ಪೆಟ್ಟಿಗೆ.

◆ ನಮ್ಮ ಬಿಡದಿಯಲ್ಲಿ ತಯಾರಾಗುತ್ತ ಬಂದ ಹೈಬ್ರಿಡ್ ಲೆಕ್ಸಸ್ ಇಎಸ್ 300ಎಚ್‌ನಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ, ಸವೆಯುವ ಕ್ಲಚ್ ಇಲ್ಲ, ರಿವರ್ಸ್ ಗೇರೂ ಇಲ್ಲ. ಹಿಂದಕ್ಕೆ ಹೋಗಬೇಕೆಂದರೆ ವಿದ್ಯುತ್ ಮೋಟರ್ ಉಲ್ಟಾ ತಿರುಗುತ್ತದೆ. ಎಣ್ಣೆ ಮಾತ್ರ ಅದಕ್ಕೂ ಬೇಕು.